ಹೊಸೆದವಳೇ ಬಿಡಿಸಬೇಕು

ಚಳ್ಳಕೆರೆಯ ವಸತಿ ಶಾಲೆಯೊಂದರ ಪ್ರತಿಭಾವಂತರ ವಿಭಾಗಕ್ಕೆ, ಆರನೇ ತರಗತಿಗೆ, ನಾನು ಆಯ್ಕೆಯಾದಾಗ ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ನನಗೆ ಕೊಂಬು ಬಂತು. ಬಂದದ್ದೇನು, ಬೀದಿಯವರೇ ಅಂಟಿಸಿದರು. ಅಪ್ಪ ನನ್ನ ಫೋಟೊವನ್ನು ವಾಟ್ಸ್ಯಾಪ್ ಸ್ಟೇಟಸ್‌ಗೆ ಹಾಕಿಕೊಂಡರು. ನನಗಿಂತ ಒಂದೇ ವರ್ಷ ದೊಡ್ಡವಳಾದ ಅಕ್ಕ ಹಿಂದಿನ ವರ್ಷ ಅದೇ ಪ್ರವೇಶ ಪರೀಕ್ಷೆ ಬರೆದಿದ್ದಳು, ಆಯ್ಕೆಯಾಗಿರಲಿಲ್ಲ. ನನ್ನ ಟ್ರಂಕಿನ ಮೇಲೆ ಹೆಸರು ಬರೆದುಕೊಟ್ಟವಳು ಅವಳೇ.

ಊರಿನ ಶಾಲೆಯಲ್ಲಿ ಪ್ರಶ್ನೆ ಕೇಳಿ ಕೇಳಿ ಮೇಷ್ಟ್ರಿಗೆ ಸುಸ್ತು ಹಿಡಿಸುತ್ತಿದ್ದವಳು ನಾನು. ಚಳ್ಳಕೆರೆಗೆ ಹೋದ ತಿಂಗಳೊಳಗೆ ಕೈ ಎತ್ತುವುದನ್ನೇ ಬಿಟ್ಟೆ. ಅಲ್ಲಿ ಎಲ್ಲರೂ ಜಾಣರು. ಬಾಯಿ ಬಿಟ್ಟರೆ ಬಣ್ಣಗೇಡು. ಭಿನ್ನರಾಶಿ ತಲೆಗೆ ಹತ್ತದಿದ್ದರೂ ತಲೆ ಆಡಿಸುತ್ತಿದ್ದೆ. 'ಗೊತ್ತಿಲ್ಲ' ಅಂದರೆ ಮರುದಿನವೇ ಊರಿನ ಬಸ್ಸು ಹತ್ತಿಸುತ್ತಾರೆಂದು ನಂಬಿದ್ದೆ. ಪಕ್ಕದ ಹಾಸಿಗೆಯ ಪರಶುರಾಂಪುರದ ಹುಡುಗಿಯೂ ಹಾಗೇ ನಂಬಿದ್ದಳಂತೆ. ಎಷ್ಟೋ ವರ್ಷಗಳ ಮೇಲೆ ಹೇಳಿದಳು, ಪುಣ್ಯಾತ್ಗಿತ್ತಿ.

ದಸರಾ ರಜೆಗೆ ಮನೆಗೆ ಬಂದೆ. ಅವ್ವ ನನ್ನ ಕೈಯಿಂದ ಊಟದ ತಟ್ಟೆ ಕಿತ್ತುಕೊಂಡು ತಾನೇ ತೊಳೆದಳು. ಪ್ರೀತಿ ಉಕ್ಕಿದಾಗ ತೆಲುಗಿಗೆ ಜಾರುವ ಅಪ್ಪ, "ನುವ್ವು ಚದುವುಕೋ ತಲ್ಲಿ," ನೀನು ಓದ್ಕೋ ತಾಯಿ, ಎಂದು ರೇಷ್ಮೆ ಸೀರೆ ನೇಯುವ ನಮ್ಮ ಮನೆಯ ಮಗ್ಗದ ಹತ್ತಿರವೂ ಬಿಡಲಿಲ್ಲ.

ಅದೇ ವಾರ ಮಗ್ಗದಲ್ಲಿ ಹಾಸು, ಅಂದರೆ ಸೀರೆಯ ಉದ್ದಕ್ಕೆ ಹೂಡಿದ ಎಳೆ, ಮುಗಿಯಿತು. ಹಾಗೆ ಮುಗಿದಾಗ, ಮಗ್ಗದಲ್ಲಿ ಉಳಿದ ಹಳೆಯ ರೇಷ್ಮೆ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು. ಸಾವಿರಾರು ಎಳೆ. ನಾನೂ ಅಕ್ಕನೂ ಎದುರುಬದುರು ಕೂತು ಮಾಡುತ್ತಿದ್ದ ಕೆಲಸ. ಮನೆಯ ಕಟ್ಟಳೆ ಒಂದೇ: ತಪ್ಪು ಹೊಸೆದವಳೇ ಬಿಡಿಸಬೇಕು, ಇನ್ನೊಬ್ಬರು ಕೈ ಹಾಕಬಾರದು.

ಹಟ ಮಾಡಿ ಕೂತೆ. ಬೆರಳಿಗೆ ಅಭ್ಯಾಸ ತಪ್ಪಿತ್ತು. ಎಲ್ಲೋ ಒಂದು ಎಳೆ ಬಿಟ್ಟುಹೋಯಿತು, ಅಲ್ಲಿಂದಾಚೆಗೆ ಎಲ್ಲವೂ ಒಂದೊಂದು ಸ್ಥಾನ ಪಕ್ಕಕ್ಕೆ ಸರಿದವು. ನಡುವೆ ಅನುಮಾನ ಬಂತು. ಅಕ್ಕನನ್ನು ಕೇಳಬಹುದಿತ್ತು. ಕೇಳಲಿಲ್ಲ, ಹೊಸೆಯುತ್ತಲೇ ಹೋದೆ. ಅಂಚಿನ ಕೆಂಪು ಎಳೆಗೆ ಒಡಲಿನ ಹಸಿರು ಎಳೆ ಜೊತೆಯಾದಾಗ ಅಪ್ಪನ ಕಣ್ಣಿಗೆ ಬಿತ್ತು.

ಅಪ್ಪ ಬೈಯಲಿಲ್ಲ. ಅಕ್ಕನ ಕಡೆ ತಿರುಗಿ, "ನೀನು ಬಿಡಿಸಮ್ಮ. ಅವಳು ಓದೋಳು, ಅವಳಿಗ್ಯಾಕೆ ಇದು," ಅಂದರು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಶಾಲೆಯಲ್ಲಿ ತಪ್ಪು ಮಾಡುವಂತಿಲ್ಲ, ಮನೆಯಲ್ಲಿ ಮಾಡಿದರೂ ಅದು ನನ್ನದಲ್ಲ. ಹಾಗಾದರೆ ನಾನು ಎಲ್ಲಿಯವಳು? ಎದ್ದು ನಿಂತೆ.

"ಯಾಕಪ್ಪಾ? ಅವಳೇನು ನೆಂಟರವಳಾ?" ಅಂದಳು ಅಕ್ಕ. "ಹೊಸೆದೋಳೇ ಬಿಡಿಸ್ಲಿ." ಆಮೇಲೆ ನನ್ನ ಕಡೆ ತಿರುಗಿ, "ಕೂತ್ಕೊಳೇ. ಎಲ್ಲಿ ತಪ್ಪಿದ್ದೀಯ ಅಂತ ಗೊತ್ತೈತಾ?" ಎಂದು ಕೇಳಿದಳು.

"ಗೊತ್ತಿಲ್ಲ."

ತಿಂಗಳುಗಳ ಮೇಲೆ ಆ ಮಾತು ನನ್ನ ಬಾಯಿಂದ ಬಂದಿತ್ತು.

"ಗೊತ್ತಿಲ್ದಿದ್ರೆ ಕೇಳ್ಬೇಕು ಕಣೇ. ನಾಲಿಗೆ ಸವೀತೈತಾ?"

ಮುಂದೆ ಚಳ್ಳಕೆರೆಯಲ್ಲಿ 'ಗೊತ್ತಿಲ್ಲ' ಎಂದು ಎಷ್ಟು ಸಲ ಹೇಳಿದೆನೋ. ಯಾರೂ ಬಸ್ಸು ಹತ್ತಿಸಲಿಲ್ಲ.

ತಪ್ಪಿದ ಜಾಗ ತೋರಿಸಿದ ಮೇಲೆ ಅಕ್ಕ ಒಂದು ಎಳೆಯನ್ನೂ ಮುಟ್ಟಲಿಲ್ಲ. ಊಟಕ್ಕೂ ಏಳದೆ ಎದುರಿಗೆ ಕೂತೇ ಇದ್ದಳು. ಬಿಡಿಸುತ್ತ ಬಿಡಿಸುತ್ತ ಕೇಳಿಯೇಬಿಟ್ಟೆ: "ಅಕ್ಕಾ, ನಾನು ಪಾಸಾಗಿದ್ದಕ್ಕೆ ನಿಂಗೆ ಸಿಟ್ಟೈತಾ?"

"ಅದಕ್ಕೆ ಆವತ್ತು ಅತ್ತು ಮುಗಿಸಿದ್ದೀನಿ," ಅಂದಳು. "ಈಗಿನ ಸಿಟ್ಟು ಬೇರೆ. ಇಲ್ಲಿ ಒಬ್ಳೇ ಕೂತು ಹೊಸೆಯೋಕೆ ಬೇಜಾರಾಗ್ತೈತೆ."

ಸಂಜೆಗೆ ಇಬ್ಬರೂ ಒಟ್ಟಿಗೆ ಉಂಡೆವು. ಅವ್ವ ನನ್ನ ತಟ್ಟೆಗೆ ಕೈ ಚಾಚಿದಳು. ಅಷ್ಟರಲ್ಲಿ ಅಕ್ಕ ತನ್ನ ತಟ್ಟೆಯನ್ನೂ ನನ್ನ ಮುಂದೆ ತಳ್ಳಿ, "ನಂದೂ ತೊಳ್ಕೊಂಡು ಬಾ," ಅಂದಳು.

ಎರಡೂ ತಟ್ಟೆ ತೊಳೆದು ತಂದೆ.