ಇಂಜಿನ್ ಆರಿಸುತ್ತಿದ್ದ ಗೌಡರು

ಅವರ ಎಡಗೈ ಸುಮ್ಮನಿರುತ್ತಿರಲಿಲ್ಲ. ಕಾಫಿ ಕುಡಿಯುವಾಗಲೂ ತೊಡೆಯ ಮೇಲೆ ಮುಷ್ಟಿ ಕಟ್ಟಿ ಏನನ್ನೋ ಮುಂದಕ್ಕೆ ತಳ್ಳುತ್ತಿತ್ತು, ಹಿಂದಕ್ಕೆ ಎಳೆಯುತ್ತಿತ್ತು. ಯುದ್ಧವಿಮಾನಕ್ಕೆ ಸುಧಾರಿಸಿದ ಇಂಜಿನ್ ಕೂರಿಸಿದಾಗ ಮೊದಲು ಹಾರಿಸಿ ನೋಡುವ ಪೈಲಟ್ ಆಗಿದ್ದವರು. ನಿವೃತ್ತರಾಗಿ ಬಾಳೂರಿನ ತೋಟಕ್ಕೆ ಬಂದಿದ್ದರು. ನಮಗೆಲ್ಲ ವಿಮಾನದ ಗೌಡರು.

ಅವರ ಮೆಣಸು ಕೊಳ್ಳುತ್ತಿದ್ದವನು ನಾನು. ಅವರು ಚೌಕಾಸಿಗೆ ಇಳಿಯುತ್ತಲೇ ಇರಲಿಲ್ಲ. "ರೇಟು ನೀನೇ ಹೇಳು. ಚೀಲ ಮಾತ್ರ ನನ್ನೆದುರಿಗೇ ತೂಗು ಮಾರಾಯ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಮೆಣಸಿನ ಚೀಲ ತುಂಬಿದ ನನ್ನ ಜೀಪಿನಲ್ಲಿ ಮೂಡಿಗೆರೆಗೆ ಹೊರಟರು. ಇಳಿಜಾರು ಬಂದ ಕೂಡಲೇ ನ್ಯೂಟ್ರಲ್‌ಗೆ ಹಾಕಿ ಇಂಜಿನ್ ಆರಿಸಿದೆ. ಡೀಸೆಲ್ ಉಳಿಸಲು ಆಗ ನಾವೆಲ್ಲ ಮಾಡುತ್ತಿದ್ದದ್ದೇ.

"ಸ್ಟಾರ್ಟ್ ಮಾಡು."

"ಗಾಡಿ ತಾನಾಗೇ ಹೋಗ್ತದಲ್ಲ ಗೌಡ್ರೇ."

"ಸ್ಟಾರ್ಟ್ ಮಾಡು ಅಂದೆ!"

ಅವರ ಮುಖದಲ್ಲಿ ಬೆವರು. ಸೆಲ್ಫ್ ಹೊಡೆದೆ, ಕಟ್ ಎಂದು ಸುಮ್ಮನಾಯಿತು. ಬ್ರೇಕ್ ಕಾಲ ಕೆಳಗೆ ಮೆತ್ತಗಾಗುತ್ತಿತ್ತು. ಮುಂದೆ ತಿರುವು, ಅದರಾಚೆ ಬರೀ ಮರಗಳ ತುದಿ.

"ಸೆಲ್ಫ್ ಬಿಡು. ಸೆಕೆಂಡ್ ಗೇರಿಗೆ ಹಾಕು. ಈಗ ಕ್ಲಚ್ ಬಿಡು... ನಿಧಾನ."

ಜೀಪು ಒದ್ದಾಡಿ, ಕೆಮ್ಮಿ, ಹತ್ತಿಕೊಂಡಿತು. ಗೇರು ಹಿಡಿದು ವೇಗ ಇಳಿದ ಮೇಲೆ ರಸ್ತೆ ಪಕ್ಕದ ಮಣ್ಣಿನ ಧರೆಗೆ ಉಜ್ಜಿಸಿ ನಿಲ್ಲಿಸಿದೆ. ಗೌಡರು ಇಳಿದು ಕಲ್ಲಿನ ಮೇಲೆ ಕೂತರು.

"ನಾನೂ ಆಕಾಶದಲ್ಲಿ ಇಂಜಿನ್ ಆರಿಸ್ತಿದ್ದೆ. ಅದೇ ಕೆಲ್ಸ. ಆರಿದ್ದು ಮತ್ತೆ ಹತ್ತುತ್ತಾ ನೋಡ್ಬೇಕಲ್ಲ. ಒಂದಿನ ಹತ್ಲಿಲ್ಲ. ಇನ್ನೊಂದ್ಸಲ ನೋಡ್ದೆ, ಇಲ್ಲ. ಇದ್ದದ್ದೇ ಒಂದು ಇಂಜಿನ್ನು. ಮಾಸ್ಕಿನೊಳಗೆ ನನ್ನ ಉಸಿರು ಬಿಟ್ರೆ ಸದ್ದೇ ಇಲ್ಲ. ಕೆಳಗೊಂದು ಊರು ದೊಡ್ಡದಾಗ್ತಾ ಬಂತು. ನಾನು ಹೊರಗೆ ಹಾರ್ಕೊಂಡ್ರೆ ವಿಮಾನ ಅದರ ಮೇಲೇ ಬೀಳೋದು. ಮೂರನೇ ಸಲಕ್ಕೆ ಹತ್ತಿತು."

"ಹೆದರಿಕೆ ಆಗ್ಲಿಲ್ವಾ?"

"ಇವತ್ತಿನಷ್ಟು ಆಗ್ಲಿಲ್ಲ. ಅವತ್ತು ಕೆಳಗೆ ಇಂಜಿನಿಯರ್ರು ಉಸಿರು ಬಿಗಿಹಿಡ್ಕೊಂಡು ಕೂತಿದ್ರು. ನಾನು ಆರಿಸಿದ್ದು ಇನ್ನೊಬ್ಬ ಸಾಯಬಾರ್ದು ಅಂತ. ನೀನು? ಒಂದು ಲೋಟ ಡೀಸೆಲ್ಲಿಗೆ!"

ಗೌಡರು ತೀರಿಕೊಂಡು ವರ್ಷಗಳಾದವು. ಇಂದು ನನ್ನ ಡ್ರೈವರುಗಳಿಗೆಲ್ಲ ಹೇಳುತ್ತೇನೆ, ನಿಮಗೂ ಹೇಳುತ್ತೇನೆ: ಉಳಿತಾಯ ಮಾಡಲು ನೂರು ಜಾಗ ಇದೆ, ಇಳಿಜಾರು ಬೇಡ. ಆದರೆ ನಾನು ಬದುಕಿ ವ್ಯಾಪಾರ ಮಾಡಿದ್ದು ಈ ಬುದ್ಧಿಯಿಂದಷ್ಟೇ ಅಲ್ಲ. ಆ ದಿನದ ನಂತರ ಸ್ಟಿಯರಿಂಗ್ ಹಿಡಿಯಲೇ ಹೆದರುತ್ತಿದ್ದೆ. ಜೀಪು ಮಾರಿಬಿಡೋಣ ಎಂದುಕೊಂಡಿದ್ದೆ. ಮರುವಾರ ಅವರ ಗೇಟಿನ ಮುಂದೆ ಜೀಪಿನಲ್ಲಿ ಮುಖ ತಪ್ಪಿಸಿ ಹೋಗುತ್ತಿದ್ದೆ. ಗೌಡರು ಅಡ್ಡ ನಿಂತು ತಡೆದು, ಪಕ್ಕದ ಸೀಟಿಗೆ ಹತ್ತಿಯೇ ಬಿಟ್ಟರು.

"ಬಸ್ಸು ಬರ್ತದಲ್ಲ ಗೌಡ್ರೇ" ಎಂದೆ.

"ಬಸ್ಸಿನವನಿಗೆ ಹೆದರಿಕೆ ಉಂಟೋ ಇಲ್ವೋ, ನಂಗೇನು ಗೊತ್ತು? ನೀನು ಹೆದರಿದ್ದು ಕಣ್ಣಾರೆ ನೋಡಿದೀನಿ. ನಡಿ."