ನಾಣ್ಯ ಬಲ್ಲ ಗುಟ್ಟು

ಠಣ್ ಎಂದು ನಾಣ್ಯ ತಗಡಿನ ತಟ್ಟೆಯಲ್ಲಿ ಕುಣಿದು ಅಡ್ಡಬಿತ್ತು. ಯಾವ ಮುಖ ಮೇಲಾಯಿತೋ ಅವಳಿಗೆ ಕಾಣಲಿಲ್ಲ. ಕಾಣಬಾರದೆಂದೇ ಅವಳು ಗಾಜಿನ ಮನೆಗೆ ಬೆನ್ನು ಮಾಡಿ ಹೊರಗೆ ನಿಂತಿದ್ದಳು.

ಒಳಗೆ, ಲ್ಯಾಬಿನವರೆಲ್ಲ ಮಾಮ ಎಂದು ಕರೆಯುವ ಸ್ಟೋರ್‌ಕೀಪರ್ ಒಂದೊಂದು ಕುಂಡಕ್ಕೂ ನಾಣ್ಯ ಚಿಮ್ಮುತ್ತಿದ್ದರು. ಒಂದು ಮುಖ ಬಿದ್ದರೆ ಅವಳು ಕಂಡುಹಿಡಿದ ಲೇಪ ಹಚ್ಚಿದ ಬೀಜ, ಇನ್ನೊಂದು ಬಿದ್ದರೆ ಬರೀ ಬೀಜ. ನೀರು ನಿಲ್ಲಿಸಿದ ಮೇಲೂ ಲೇಪದ ಸಸಿ ತಾಳುತ್ತದೆಯೇ ಎಂಬುದು ಪ್ರಶ್ನೆ. ಯಾವ ಕುಂಡದಲ್ಲಿ ಯಾವುದಿದೆ ಎಂಬುದು ಮಾಮನಿಗೆ ಮಾತ್ರ ಗೊತ್ತಿರಬೇಕು.

"ಇಷ್ಟು ಓದಿ ಕೊನೆಗೆ ಜೂಜಾಡೋದಾ ತಾಯಿ?"

"ಆಡ್ತಿರೋದು ನೀವು ಮಾಮ. ಬಾಯಿ ಮುಚ್ಕೊಂಡು ಆಡಿ."

ಕಳೆದ ಬಾರಿ ಅವಳಿಗೆ ಎಲ್ಲ ಗೊತ್ತಿತ್ತು, ಅದೇ ಮುಳುವಾಯಿತು. ಲೇಪದ ಸಸಿಯ ಎಲೆ ಅರ್ಧ ಬಾಡಿದ್ದರೆ 'ಜೀವ ಇದೆ' ಎಂದು ಬರೆದಳು. ಪಕ್ಕದ ಬರೀ ಸಸಿಯ ಅಂಥದೇ ಎಲೆಗೆ 'ಸತ್ತಿದೆ' ಎಂದಳು. ಮೋಸ ಮಾಡಬೇಕೆಂದಲ್ಲ; ಹೆತ್ತ ಕಣ್ಣು ಹಾಗೆ ನೋಡಿತು. ಹಾಗೆ ಬರೆದದ್ದು ತನಗೇ ತಿಳಿದ ದಿನ ಫಲಿತಾಂಶವನ್ನೆಲ್ಲ ತಾನೇ ಕಸಕ್ಕೆ ಹಾಕಿದಳು. ಲ್ಯಾಬಿನ ಹಿರಿಯರು ಇನ್ನೊಂದು ಅವಕಾಶ ಕೊಟ್ಟು, ಇದೂ ಕೆಟ್ಟರೆ ಗಾಜಿನ ಮನೆ ಬೇರೆಯವರ ಪಾಲು ಎಂದಿದ್ದರು.

ಬೀಜ ಮೊಳೆತವು, ಸಸಿಗಳು ಎದ್ದವು, ನೀರು ನಿಂತಿತು. ಅಲ್ಲೊಂದು ಇಲ್ಲೊಂದು ತಲೆಬಾಗತೊಡಗಿದಾಗ ಅವಳ ಊಟ ನಿದ್ದೆ ಎರಡೂ ಕೆಟ್ಟವು. ಕಿಟಕಿಯ ಪಕ್ಕದ ಒಂದು ಗಿಡ್ಡ ಸಸಿಯ ಮೇಲೆ ಅವಳಿಗೆ ಜೀವ. ಅದೂ ಬಾಡಿತು. ಬಾಡಿದ್ದನ್ನು ಬಾಡಿದೆ ಎಂದೇ ಬರೆದು, ಹೊರಗೆ ಬಂದು ಮೂಗು ಒರೆಸಿಕೊಂಡಳು.

"ಮಾಮನ್ನ ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದ ಗಂಡ, ಅವಳ ಮುಂದಿನ ತಣ್ಣಗಾದ ತಟ್ಟೆ ನೋಡಿ.

"ಗೊತ್ತಿಲ್ಲದೆ ಇರೋದೇ ನನ್ನ ಗಂಟು. ಅದೇ ಹೋಗುತ್ತೆ."

ಮಾಮನ ಹೊಟ್ಟೆಯಲ್ಲಿದ್ದದ್ದು ಹುಬ್ಬಿನಲ್ಲಿ ಕಾಣುತ್ತಿತ್ತು. ಅದಕ್ಕೇ ಅವರು ಎದುರಾದರೆ ಅವಳು ನೆಲ ನೋಡಿಕೊಂಡು ಮಾತಾಡುತ್ತಿದ್ದಳು.

ಕೊನೆಯ ಸಾಲಿನ ಅಳತೆಯೊಂದೇ ಬಾಕಿ ಇದ್ದ ದಿನ, ಕಾರಿಡಾರಿನಲ್ಲಿ ಮಾಮ ಟೀ ಲೋಟ ಹಿಡಿದು ಅಡ್ಡ ಬಂದರು.

"ಕಡ್ಡಿ ಆಗಿದ್ದೀಯಲ್ಲಮ್ಮ. ಕುಡಿ ಮೊದಲು."

"ಆಮೇಲೆ ಮಾಮ."

"ನನ್ನ ಕೈಲಿ ಇನ್ನು ಆಗಲ್ಲ. ನಾಣ್ಯಕ್ಕಾದ್ರೆ ಬಾಯಿಲ್ಲ, ನನಗಿದೆ. ಆ ಕಿಟಕಿ ಪಕ್ಕದ ಸಸಿ ಇದ್ಯಲ್ಲ, ಅದು ಬಾಡಿದ್ದಕ್ಕೆ ಕಣ್ಣೀರು ಹಾಕಿದ್ಯಲ್ಲ, ಅದು..."

ಅಷ್ಟರಲ್ಲಿ ಅವಳು ಎರಡೂ ಕಿವಿಗೆ ಅಂಗೈ ಒತ್ತಿಕೊಂಡು, ನೆಲ ನೋಡುತ್ತಲೇ, ಗಾಜಿನ ಮನೆಯತ್ತ ಸರಸರನೆ ನಡೆದಿದ್ದಳು.