ಮಾವನವರ ಮೆಚ್ಚಿನ ರಕ್ತಪಿಪಾಸುಗಳು

ಕಳೆದ ವಾರ ಅತ್ತೆಯನ್ನು ಆರ್.ಟಿ. ನಗರದ ಲ್ಯಾಬೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಅವರಿಗೆ ವರ್ಷಕ್ಕೊಮ್ಮೆ ಮಾಡಿಸಬೇಕಾದ ರಕ್ತಪರೀಕ್ಷೆ ಅದು. ಲ್ಯಾಬಿನ ಹುಡುಗಿ ಹತ್ತಿಗೆ ಸ್ಪಿರಿಟ್ ಅದ್ದಿ ಅತ್ತೆಯ ತೋಳಿಗೆ ಉಜ್ಜಿದಳು. ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ನನಗೆ ನಗು ತಡೆಯಲಾಗಲಿಲ್ಲ. ಹುಡುಗಿ ಸೂಜಿ ಹಿಡಿದುಕೊಂಡೇ ನನ್ನನ್ನು ದುರುಗುಟ್ಟಿ ನೋಡಿದಳು. ಅತ್ತೆಯ ರಕ್ತ ತೆಗೆಯುವಾಗ ಕಿಸಕ್ಕೆಂದು ನಗುವ ಸೊಸೆಯ ಬಗ್ಗೆ ಅವಳೇನೆಂದುಕೊಂಡಳೋ, ನೀವೇ ಊಹಿಸಿಕೊಳ್ಳಿ. ಸ್ಪಿರಿಟ್ ವಾಸನೆ ಬಂದರೆ ನಿಮಗೆ ಆಸ್ಪತ್ರೆ ನೆನಪಾಗಬಹುದು. ನನಗೆ ನೆನಪಾಗುವುದು ಸಿನಿಮಾ. ಅದರಲ್ಲೂ ರಕ್ತ ಹೀರುವ ಪಿಶಾಚಿಗಳ ಸಿನಿಮಾ.

ವ್ಯಾಂಪೈರ್ ಸಿನಿಮಾಗಳ ಹುಚ್ಚು ನನಗೆ ಕಾಲೇಜಿನ ದಿನಗಳಿಂದಲೇ ಹತ್ತಿತ್ತು. ಅವುಗಳ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿ ನೋಡಿ ಆಮೇಲೆ ನನ್ನನ್ನು ಬೈಯುತ್ತೀರಿ. ಮದುವೆಯಾಗಿ ವಿದ್ಯಾರಣ್ಯಪುರದ ಮನೆಗೆ ಬಂದಾಗ ಅವನ್ನೆಲ್ಲ ಲ್ಯಾಪ್‌ಟಾಪಿನ ಒಂದು ಫೋಲ್ಡರಿಗೆ ತುಂಬಿ ಅದಕ್ಕೆ 'ಅಡುಗೆ' ಎಂದು ಹೆಸರಿಟ್ಟಿದ್ದೆ. ಹೊಸ ಸೊಸೆಗೆ ಶೋಭಿಸುವ ಹೆಸರು, ನಮ್ಮ ಮನೆಯವರ‍್ಯಾರೂ ತೆರೆದು ನೋಡದ ಹೆಸರು ಎಂದು ಒಳಗೊಳಗೇ ಬೀಗಿದ್ದೆ.

ಮಾವ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು. ನನ್ನೊಡನೆ ಹೆಚ್ಚು ಮಾತಿಲ್ಲ. 'ಕರೆಂಟು ಬಂತಾ', 'ಪೇಪರು ಬಂತಾ' ಇವೆರಡರಲ್ಲೇ ನಮ್ಮ ಸಂಬಂಧ ಸುಖವಾಗಿ ಸಾಗುತ್ತಿತ್ತು. ಹೀಗಿರುವಾಗ ಅವರ ಕಿಡ್ನಿಗಳು ಕೈಕೊಟ್ಟವು. ವಾರಕ್ಕೆ ಮೂರು ಸಲ ಹೆಬ್ಬಾಳದ ಕಡೆಯ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಮೈಯ ರಕ್ತ ಒಂದು ಕೊಳವೆಯಲ್ಲಿ ಹೊರಗೆ ಹೋಗಿ, ಯಂತ್ರದಲ್ಲಿ ಶುದ್ಧವಾಗಿ, ಇನ್ನೊಂದು ಕೊಳವೆಯಲ್ಲಿ ಒಳಗೆ ಬರುವವರೆಗೂ ಗಂಟೆಗಟ್ಟಲೆ ಮಲಗಿರಬೇಕು. ನನ್ನ ಗಂಡನಿಗೆ ಪೀಣ್ಯದಲ್ಲಿ ಕೆಲಸ. ನಾನು ಪಾಠ ಹೇಳುತ್ತಿದ್ದದ್ದು ಸಂಜೆ ಕಾಲೇಜಿನಲ್ಲಿ. ಹಾಗಾಗಿ ಮಧ್ಯಾಹ್ನದ ಈ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ದಿನ ಹೊತ್ತು ಕಳೆಯಲೆಂದು ಲ್ಯಾಪ್‌ಟಾಪಿನಲ್ಲಿ ಒಂದು ಹರಿಕಥೆ ಹಾಕಿಕೊಂಡು ಹೋಗಿದ್ದೆ. ಹರಿದಾಸರು ಪೀಠಿಕೆಯಲ್ಲೇ ನಿಂತುಬಿಟ್ಟರು. ಏನು ಮಾಡಿದರೂ ಮುಂದಕ್ಕೆ ಹೋಗಲಿಲ್ಲ. ಮಾವ ಕನ್ನಡಕ ಸರಿಮಾಡಿಕೊಂಡು ಪರದೆಯ ಮೇಲೆ ಹುಡುಕಿದರು.

"ಅಡುಗೆ ಅಂತ ಇದ್ಯಲ್ಲಮ್ಮ, ಅದನ್ನೇ ಹಾಕು. ತಿನ್ನೋ ಹಾಗಂತೂ ಇಲ್ಲ, ನೋಡೋಣ."

ಉಪ್ಪು, ಟೊಮೊಟೊ, ಬಾಳೆಹಣ್ಣು ಎಲ್ಲವನ್ನೂ ಡಾಕ್ಟರು ಬಿಡಿಸಿದ್ದರು. ಪಾಪ, ಕಣ್ಣಿಗಾದರೂ ಒಂದು ಬಿಸಿಬೇಳೆಬಾತು ಸಿಗಲಿ ಎಂಬ ಆಸೆ. ನಾನು ತಡೆಯುವ ಮೊದಲೇ ಅವರ ಬೆರಳು ಒತ್ತಿಯಾಗಿತ್ತು. ಪರದೆಯ ಮೇಲೆ ಒಬ್ಬ ಸುಂದರಿಯ ಕತ್ತು, ಅದರ ಪಕ್ಕ ಎರಡು ಕೋರೆಹಲ್ಲು.

"ಇದ್ಯಾವ ಅಡುಗೆ ಕಣಮ್ಮಾ?" ಎಂದರು.

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಕೈಗೆರಡು ಕೊಳವೆ ಚುಚ್ಚಿಸಿಕೊಂಡು ರಕ್ತ ಹೊರಗೆ ಬಿಟ್ಟು ಮಲಗಿದ ಮನುಷ್ಯನಿಗೆ ತೋರಿಸುವ ಚಿತ್ರವೇ ಅದು? ಮಾವ ಪರದೆಯನ್ನು ನೋಡಿದರು, ತಮ್ಮ ಕೊಳವೆಗಳನ್ನು ನೋಡಿದರು, ಹೊಟ್ಟೆ ಕುಲುಕಿಸಿ ನಗತೊಡಗಿದರು. ಯಂತ್ರ ಗಾಬರಿಯಾಗಿ ಕೂಗಿಕೊಂಡಿತು. ನರ್ಸ್ ಓಡಿಬಂದು, ಪೇಷಂಟನ್ನು ನಗಿಸಬಾರದೆಂದು ನನಗೆ ತಾಕೀತು ಮಾಡಿ ಹೋದರು.

ಅಲ್ಲಿಂದ ಶುರುವಾಯಿತು. ಮಂಚದ ಸುತ್ತ ಪರದೆ ಎಳೆದುಕೊಂಡು, ಒಂದೇ ಇಯರ್‌ಫೋನಿನ ಎರಡು ತುದಿಗಳನ್ನು ಹಂಚಿಕೊಂಡು ನಾವಿಬ್ಬರೂ ನೋಡದ ಪಿಶಾಚಿಯಿಲ್ಲ. ಎಂಥ ಸಿನಿಮಾ ಒಳ್ಳೆಯದು ಎಂಬ ಬಗ್ಗೆ ನನಗೆ ನನ್ನದೇ ಸಿದ್ಧಾಂತವಿತ್ತು: ಹಲ್ಲು ಎಷ್ಟು ಕಡಿಮೆ ಕಾಣಿಸುತ್ತದೋ ಸಿನಿಮಾ ಅಷ್ಟು ಒಳ್ಳೆಯದು. ಕಚ್ಚುವುದಕ್ಕಿಂತ ಕಚ್ಚಲು ಹಿಂಜರಿಯುವುದೇ ಹೆಚ್ಚು ಭಯ ಹುಟ್ಟಿಸುತ್ತದೆ. ಮಾವನವರದು ಮೇಷ್ಟ್ರ ಕಣ್ಣು. ಕಚ್ಚಿಸಿಕೊಂಡವರೆಲ್ಲ ಪಿಶಾಚಿಯಾಗಿ, ಅವರೂ ದಿನಕ್ಕೊಬ್ಬರನ್ನು ಕಚ್ಚುವ ಸಿನಿಮಾಗಳು ಅವರಿಗೆ ಸೇರುತ್ತಿರಲಿಲ್ಲ. ಹಾಗೆ ದಿನದಿನಕ್ಕೆ ಎರಡರಷ್ಟಾಗುತ್ತ ಹೋದರೆ ತಿಂಗಳು ತುಂಬುವುದರೊಳಗೆ ಬೆಂಗಳೂರು ಖಾಲಿ, ಹೆಬ್ಬಾಳದ ಫ್ಲೈಓವರಿನ ಮೇಲೆ ಒಂದು ಸ್ಕೂಟರೂ ಇರುವುದಿಲ್ಲ, ಎಂಥ ಅವೈಜ್ಞಾನಿಕ ಕಥೆ ಎಂದು ಸಿಡುಕುತ್ತಿದ್ದರು. ಆಮೇಲೆ ಕೊಂಚ ಯೋಚಿಸಿ, ಆದರೂ ಫ್ಲೈಓವರಿನ ಮಟ್ಟಿಗೆ ಅದು ಒಳ್ಳೆಯದೇ ಎನ್ನುತ್ತಿದ್ದರು. ಹಲ್ಲುನೋವಿನ ಪಿಶಾಚಿಯೊಬ್ಬ ದಂತವೈದ್ಯರ ಬಳಿ ಹೋಗುವ ಸಿನಿಮಾ ಅವರಿಗೆ ಪ್ರಾಣ. ಬೆಳ್ಳುಳ್ಳಿ ಕಂಡರೆ ಪಿಶಾಚಿ ಓಡುತ್ತದೆಂದು ತಿಳಿದಾಗ ಮಾತ್ರ ಚಿಂತೆಗೆ ಬಿದ್ದರು. "ನಮ್ಮನೇಲಿ ಬೆಳ್ಳುಳ್ಳಿ ತರೋದೇ ಇಲ್ವಲ್ಲಮ್ಮ. ಅವನ ಪಾಲಿಗೆ ನಮ್ಮನೆ ಛತ್ರ ಇದ್ದ ಹಾಗೆ."

ಇಷ್ಟೆಲ್ಲ ನಗುವಿನ ಅಡಿಯಲ್ಲಿ ಒಂದು ಜಗಳ ಹೊಗೆಯಾಡುತ್ತಿತ್ತು. ಅತ್ತೆ ತಮ್ಮ ಒಂದು ಕಿಡ್ನಿಯನ್ನು ಕೊಡುತ್ತೇನೆಂದು ಹಟ ಹಿಡಿದಿದ್ದರು. ಮಾವ ಬೇಡವೆಂದು ಅಷ್ಟೇ ಹಟ ಹಿಡಿದಿದ್ದರು. ಹೆಂಡತಿಯ ಮೈ ಕೊಯ್ಯಿಸಿ ತಾನು ಬದುಕುವ ಅಗತ್ಯವಿಲ್ಲ ಎನ್ನುವುದು ಅವರ ವಾದ. ಅಷ್ಟರಲ್ಲಿ ಅವರ ಮುಖ ಊದತೊಡಗಿತ್ತು. ಯಂತ್ರದಿಂದ ಬಿಡಿಸಿಕೊಂಡ ಮೇಲೆ ಎದ್ದು ಕೂರಲೂ ನನ್ನ ಭುಜ ಬೇಕಾಗುತ್ತಿತ್ತು.

ಒಂದು ದಿನ ಅತ್ತೆಯೂ ಜೊತೆಗೆ ಬಂದರು. ತಮ್ಮ ಪರೀಕ್ಷೆಗಳ ಫಲಿತಾಂಶ ಕೇಳಲು ಡಾಕ್ಟರನ್ನು ನೋಡಿ, ಬಂದು ಮಂಚದ ಪಕ್ಕ ಕೂತರು. ಅವರಿಗೂ ಕೇಳಿಸಲೆಂದು ಇಯರ್‌ಫೋನ್ ತೆಗೆದು, ದನಿ ತಗ್ಗಿಸಿ, ನಾನು ನನ್ನ ಅತ್ಯಂತ ಮೆಚ್ಚಿನ ಸಿನಿಮಾ ಹಾಕಿದೆ. ಅದರಲ್ಲಿ ಪಿಶಾಚಿಗೆ ಮನುಷ್ಯ ಹೆಂಡತಿ. ಅವಳಿಗೆ ವಯಸ್ಸಾಗಿದೆ, ಅವನು ಹಸಿವಿನಿಂದ ಸಾಯುತ್ತಿದ್ದಾನೆ. ಒಂದೆರಡು ಗುಟುಕು ಕುಡಿ, ನನಗೇನೂ ಆಗುವುದಿಲ್ಲ ಎಂದು ಅವಳು ಕತ್ತು ಚಾಚುತ್ತಾಳೆ. ಅವನು ಅವಳ ಹಣೆಗೆ ಮುತ್ತಿಟ್ಟು, ಬಾಗಿಲು ತೆರೆದು, ಎಳೆಬಿಸಿಲಿಗೆ ನಡೆದು ಬೂದಿಯಾಗುತ್ತಾನೆ. ಹಿನ್ನೆಲೆಯಲ್ಲಿ ಪಿಟೀಲು. ನಾನು ಪ್ರತಿಸಲದಂತೆ ಕಣ್ಣೊರೆಸಿಕೊಂಡೆ. ಮಾವನ ಕಣ್ಣೂ ಒದ್ದೆಯಾಗಿತ್ತು.

ಅತ್ತೆ ನಮ್ಮಿಬ್ಬರನ್ನೂ ನೋಡಿದರು.

"ಅವಳು ಕೊಡ್ತೀನಿ ಅಂದ್ಲು ತಾನೆ? ಇವನು ದೊಡ್ಡದಾಗಿ ಬೇಡ ಅಂತ ಹೊರಟುಹೋದ. ಮಾರನೇ ದಿನ ಬೆಳಗ್ಗೆ ಎದ್ದು ಅವಳು ಯಾರಿಗೆ ಕಾಫಿ ಮಾಡ್ಬೇಕು ಅಂತ ಒಂದು ಮಾತು ಕೇಳಿದ್ನಾ?"

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಅಷ್ಟು ವರ್ಷ ಆ ಸಿನಿಮಾ ನೋಡಿ ಅತ್ತಿದ್ದ ನಾನು, ಬಾಗಿಲ ಒಳಗೆ ಉಳಿದ ಆ ಹೆಂಗಸಿನ ಮುಖ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ, ನೆನಪಾಗಲಿಲ್ಲ. ಕ್ಯಾಮೆರಾ ಅವಳ ಕಡೆ ತಿರುಗಿಯೇ ಇರಲಿಲ್ಲ.

ಮನೆಗೆ ಹಿಂದಿರುಗುವಾಗ ಮಾವ ಕಾರಿನ ಕಿಟಕಿಯಿಂದ ಹೆಬ್ಬಾಳದ ಕೆರೆಯನ್ನೇ ನೋಡುತ್ತ ಕೂತಿದ್ದರು. ನಮ್ಮ ರಸ್ತೆಯ ತಿರುವು ಬಂದಾಗ ಅತ್ತೆಯನ್ನು ಕೇಳಿದರು.

"ಡಾಕ್ಟ್ರು ಏನಂದ್ರು, ರುಕ್ಕು?"

"ಹೊಂದುತ್ತೆ ಅಂದ್ರು."

"ನಿಂಗೆ ನೋವಾಗುತ್ತಂತಾ?"

"ಆಗುತ್ತಂತೆ."

"ಹೂಂ" ಎಂದರು ಮಾವ. ಅದೇ ಒಪ್ಪಿಗೆ.

ಆಪರೇಷನ್ ಚೆನ್ನಾಗಿ ಆಯಿತು. ಮಾವ ಮತ್ತೆ ಟೊಮೊಟೊ ಸಾರು ಸುರಿದುಕೊಂಡು ಊಟ ಮಾಡಿದರು. ಅತ್ತೆ ಮಾತ್ರ ಕೊಟ್ಟ ವಸ್ತುವಿನ ಮೇಲಿನ ಹಕ್ಕನ್ನು ಕೊನೆಯವರೆಗೂ ಬಿಡಲಿಲ್ಲ. "ನನ್ನ ಕಿಡ್ನಿಗೆ ನೀರು ಕುಡಿಸಿದ್ರಾ?" ಎಂದು ಅಡುಗೆಮನೆಯಿಂದಲೇ ವಿಚಾರಿಸುತ್ತಿದ್ದರು. ಹಾಗೆ ಕೆಲವು ವರ್ಷ ಚೆನ್ನಾಗಿಯೇ ಕಳೆದವು. ಹೋದ ವರ್ಷ ಮಾವ ಹೃದಯಾಘಾತದಿಂದ ಹೋದರು. ಕಿಡ್ನಿ ಕೊನೆಯವರೆಗೂ ಚೆನ್ನಾಗಿತ್ತೆಂದು ಡಾಕ್ಟರು ಹೇಳಿದಾಗ ಅತ್ತೆ, ಅದು ತಮಗೆ ಗೊತ್ತಿದ್ದದ್ದೇ ಎಂಬಂತೆ ತಲೆಯಾಡಿಸಿದರು.

ಕಳೆದ ವಾರ ಲ್ಯಾಬಿನಿಂದ ಆಟೊದಲ್ಲಿ ಬರುವಾಗ, ಅಷ್ಟು ನಗುವಂಥದ್ದೇನಿತ್ತೆಂದು ಅತ್ತೆ ಕೇಳಿದರು. ಹೇಳಿದೆ. ಅವರು ತೋಳಿನ ಮೇಲಿನ ಹತ್ತಿಯನ್ನು ಒತ್ತಿಕೊಂಡರು.

"ಅವತ್ತು ಚಿತಾಗಾರದಲ್ಲಿ ಅವರ ಜೊತೆ ನಂದೂ ಒಂದು ಪಾಲು ಸುಟ್ಟುಹೋಯ್ತು ಕಣೆ. ಉಳಿದಿದ್ದನ್ನ ನೀವು ಆಮೇಲೆ ನಿಧಾನಕ್ಕೆ ಸುಡಿ. ಹಿಂಗೆ ಕಂತಿನಲ್ಲಿ ಹೋಗೋರು ನಿನ್ನ ಸಿನಿಮಾಗಳಲ್ಲಿ ಯಾರಾದ್ರೂ ಇದಾರಾ?"

ನೋಡಿದ್ದನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದೆ. ಸತ್ತ ಮೇಲೂ ಓಡಾಡುವವರು ಬೇಕಾದಷ್ಟಿದ್ದರು. ಬದುಕಿದ್ದಾಗಲೇ ಒಂದಿಷ್ಟು ಬೂದಿಯಾಗಿ, ಆಟೊದಲ್ಲಿ ಕೂತು ಸಂಜೆಗೆ ಯಾವ ಪಲ್ಯ ಮಾಡುವುದೆಂದು ಯೋಚಿಸುವವರು ಒಬ್ಬರೂ ಇರಲಿಲ್ಲ.

"ಇಲ್ಲ ಅತ್ತೆ" ಎಂದೆ.

"ಹಂಗಾದ್ರೆ ಅವು ಅಂಥ ಭಯಂಕರವೇನಲ್ಲ ಬಿಡು" ಎಂದರು ಅತ್ತೆ.

ಆಟೊದವನು ಒಮ್ಮೆ ತಿರುಗಿ ನಮ್ಮಿಬ್ಬರನ್ನೂ ನೋಡಿ, ಗಾಡಿಯ ವೇಗವನ್ನು ಸ್ವಲ್ಪ ಹೆಚ್ಚಿಸಿದ.